ಇಳಿತದ ಹೊತ್ತಿನ ಕಾಂಡ್ಲಾ

ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ದಂಡೆಯಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು, ನೋಡುವುದಾದರೆ ನೀರು ಇಳಿದಾಗಲೇ ಹೋಗಬೇಕು. ಭರತದ ಹೊತ್ತಿಗೆ ಹೋದರೆ ನೀರಿನ ಮೇಲೆ ಹಸಿರು ತಲೆಗಳಷ್ಟೇ ಕಾಣುತ್ತವೆ. ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ. ಹೊನ್ನಾವರದ ಕಾಸರಕೋಡಿನಲ್ಲಿ ಶರಾವತಿ ದಂಡೆಯ ಕಾಂಡ್ಲಾದೊಳಗೆ ಹಲಗೆಯ ಕಾಲುದಾರಿ ಇದೆ. ಮಕ್ಕಳಿಗೆ, ವಯಸ್ಸಾದವರಿಗೆ ಒಳ್ಳೆಯದೇ. ಆದರೆ ಕಾಲಿಗೆ ಕೆಸರು ತಾಗುವುದಿಲ್ಲ. ಕಾಂಡ್ಲಾದ ಅರ್ಧ ಕತೆ ಇರುವುದೇ ಕೆಸರಿನಲ್ಲಿ ಅಲ್ವಾ?

ನನಗೆ ಆ ಕೆಸರು ಸಿಕ್ಕಿದ್ದು ಕುಮಟಾ ಹತ್ತಿರ, ಅಘನಾಶಿನಿ ಹೊಳೆಯಲ್ಲಿ. "ಚಪ್ಪಲಿ ದೋಣಿಯಲ್ಲೇ ಬಿಡಿ ಅಕ್ಕ, ಇಲ್ಲಾಂದ್ರೆ ವಾಪಸ್ ಸಿಗೂದಿಲ್ಲ" ಎಂದರು ದೋಣಿಯವರು. ಇಳಿದ ಕೂಡಲೇ ಮೊಣಕಾಲವರೆಗೆ ಹೂತೆ. ಕೊಳೆತ ಮೊಟ್ಟೆಯ ವಾಸನೆ. ಈ ಕೆಸರಿನೊಳಗೆ ಗಾಳಿ ಆಡುವುದಿಲ್ಲ, ಆ ವಾಸನೆ ಅದಕ್ಕೇ. ಹಾಗಾಗಿ ಬೇರುಗಳೇ ಉಸಿರಾಡಲು ಮೇಲೆ ಬರುತ್ತವೆ. ಅವಿಸೀನಿಯಾ ಎಂಬ ಕಾಂಡ್ಲಾ ಮರದ ಸುತ್ತ ಬೆರಳುದ್ದದ ಬೇರುಗಳು ನೆಟ್ಟಗೆ ಎದ್ದು ನಿಂತಿದ್ದವು, ಹೆಜ್ಜೆ ಇಡಲು ಜಾಗವಿಲ್ಲದಷ್ಟು. ಅದರ ಎಲೆಯನ್ನು ಸುಮ್ನೆ ನೆಕ್ಕಿ ನೋಡಿದೆ. ಉಪ್ಪು! ಹೀರಿದ ಉಪ್ಪನ್ನು ಈ ಮರ ಎಲೆಯಿಂದ ಹೊರಹಾಕುತ್ತದೆ.

ರೈಜೋಫೋರಾ ಎಂಬ ಇನ್ನೊಂದು ಕಾಂಡ್ಲಾ ಮರದ್ದು ಇನ್ನೂ ವಿಚಿತ್ರ. ಬೀಜ ಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯ ಹಾಗೆ ನೇತಾಡುತ್ತದೆ. ಕಳಚಿ ಬಿದ್ದಾಗ ಕೆಸರು ಸಿಕ್ಕರೆ ಅಲ್ಲೇ ನಾಟುತ್ತದೆ. ನೀರಿದ್ದರೆ ತೇಲಿ ಬೇರೆ ದಂಡೆ ಹುಡುಕುತ್ತದೆ. ಈ ಮರದ ಬಿಳಲುಬೇರುಗಳಲ್ಲಿ ಪ್ಲಾಸ್ಟಿಕ್ ಕವರೂ ಸಾಕಷ್ಟು ಸಿಕ್ಕಿಕೊಂಡಿದ್ದವು, ಅದನ್ನು ಹೇಳದಿರಲು ಆಗುವುದಿಲ್ಲ.

ಅಘನಾಶಿನಿಯ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರಲ್ಲಿ ಘೋಷಣೆಯಾಯಿತು. ಪಟ್ಟಿಯಲ್ಲಿರುವ ವಿಸ್ತೀರ್ಣ 4,801 ಹೆಕ್ಟೇರ್. ದೋಣಿಯವರಿಗೆ ಅದಕ್ಕಿಂತ ಗಜನಿಯ ಕಟ್ಟೆಯ ಚಿಂತೆ ಜಾಸ್ತಿ. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಗದ್ದೆಗಳೇ ಗಜನಿ. "ಕಾಂಡ್ಲಾ ಇದ್ದಲ್ಲಿ ಕಟ್ಟೆ ನಿಲ್ತದೆ. ಕಡಿದಲ್ಲಿ ತೆರೆ ಬಂದು ಮಣ್ಣು ತಿಂತದೆ" ಎಂದರು. ಬೇರುಗಳ ಸಂದಿಯಲ್ಲಿ ಸಿಗಡಿ, ಮೀನುಮರಿಗಳು ಬೆಳೆಯುವುದನ್ನೂ ತೋರಿಸಿದರು.

ಆಚೆ ಮರಳುದಿಬ್ಬದಲ್ಲಿ ಹೆಂಗಸರು ಬಗ್ಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಒಬ್ಬರ ಹತ್ತಿರ ಒಂದಿಷ್ಟು ಕೊಂಡೆ. "ತಕ್ಷಣ ಬೇಯಿಸ್ಬೇಡಿ ತಂಗಿ, ಸ್ವಲ್ಪ ಹೊತ್ತು ನೀರಲ್ಲಿ ಇಡಿ, ಮರಳು ಬಿಡ್ತದೆ" ಎಂದು ಹೇಳಿ, ಇನ್ನೊಂದು ಹಿಡಿ ಸುಮ್ನೇ ಹಾಕಿದರು. ಅಷ್ಟರಲ್ಲಿ ನೀರು ಏರತೊಡಗಿತ್ತು. ಹೆಂಗಸರು ಬುಟ್ಟಿ ಎತ್ತಿಕೊಂಡು, ಅವತ್ತಿನ ದರದ ಬಗ್ಗೆ ಏಜೆಂಟನನ್ನು ಬೈಯುತ್ತಾ ದಡಕ್ಕೆ ಹೊರಟರು.