ಹರಿದ ಬಲೆಯ ಮುಂದೆ ಒಂದು ಬೆಳಿಗ್ಗೆ

ಸೂರ್ಯ ಹುಟ್ಟುವ ಮೊದಲೇ ತಲುಪಿದೆನಲ್ಲ ಎಂದು ಬೀಗುತ್ತ ಆ ಪುಟ್ಟ ಮೀನುಗಾರರ ಊರಿನ ದಂಡೆಗಿಳಿದರೆ ನೀರಿಗಿಳಿಯುವ ದೋಣಿ ಒಂದೂ ಇಲ್ಲ. ಮರಳಿನ ಮೇಲೆ ದೋಣಿ ಎಳೆದುಕೊಂಡು ಹೋದ ಗೀರುಗಳಷ್ಟೇ ಉಳಿದಿದ್ದವು. ಅಲಾರಾಂ ಇಟ್ಟು ಎದ್ದದ್ದು, ರಾತ್ರಿಯೆಲ್ಲ ಕ್ಯಾಮೆರಾ ಚಾರ್ಜ್ ಮಾಡಿದ್ದು ಎಲ್ಲ ದಂಡ.

"ಕತ್ತಲಲ್ಲೇ ಹೋದ್ರು," ಎಂದರು ಮಗುಚಿಟ್ಟ ಹಳೇ ದೋಣಿಗೆ ಒರಗಿ ಬಲೆ ಸರಿಮಾಡುತ್ತಿದ್ದ ಅಜ್ಜ. ತಲೆ ಎತ್ತಲಿಲ್ಲ.

ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ಅಷ್ಟು ಬೇಗ ತಣಿಯುವುದಿಲ್ಲ. ಹಾಗಾಗಿ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ, ಹಾಯಿಯನ್ನು ಹೊರಗೆ ತಳ್ಳುತ್ತದೆ. ನೆಲಗಾಳಿ, ಕಡಲಗಾಳಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದವನು ನಾನು. ಅದು ಯಾರದೋ ದುಡಿಮೆಯ ಗಡಿಯಾರ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಈಗ ಎಂಜಿನ್ ಇದೆ, ಗಾಳಿಯ ಹಂಗಿಲ್ಲ. ಆದರೂ ಕತ್ತಲು ಬೇಕು. "ಬೆಳಕಲ್ಲಿ ಬಲೆ ಮೀನಿಗೆ ಕಾಣ್ಸಲ್ವಾ?" ಎಂದರು ಅಜ್ಜ.

ಮಾಡಲು ಬೇರೆ ಕೆಲಸವಿರಲಿಲ್ಲ, ಕೂತೆ. ಅದು ಕಿವಿರುಬಲೆ. ಮೀನಿನ ತಲೆ ಕಣ್ಣಿಯೊಳಗೆ ತೂರುತ್ತದೆ, ಹೊಟ್ಟೆ ತೂರುವುದಿಲ್ಲ, ಹಿಂದೆ ಸರಿದರೆ ಕಿವಿರಿಗೆ ದಾರ ಸಿಕ್ಕಿಕೊಳ್ಳುತ್ತದೆ. ಸಣ್ಣ ಮೀನು ನುಸುಳಿ ಪಾರಾಗುತ್ತದೆ, ತೀರಾ ದೊಡ್ಡದರ ಮೂತಿಯೇ ಒಳಗೆ ಹೋಗದು. ಅಂದರೆ ಯಾವ ಮೀನು ಬೇಕೆಂಬುದು ಕಣ್ಣಿಯ ಅಳತೆಯಲ್ಲೇ ತೀರ್ಮಾನವಾಗಿರುತ್ತದೆ. ಮೇಲಂಚಿಗೆ ತೇಲುಬಿಲ್ಲೆ, ಕೆಳಗಂಚಿಗೆ ಸೀಸದ ಗುಂಡು. ಇವೆರಡರ ನಡುವೆ ಬಲೆ ನೀರಲ್ಲಿ ಗೋಡೆಯ ಹಾಗೆ ನಿಲ್ಲುತ್ತದೆ. ಅಜ್ಜ ಹೆಬ್ಬೆರಳಿಗೆ ಹರಿದ ಅಂಚು ಸಿಕ್ಕಿಸಿ, ದಾರ ಸುತ್ತಿದ ಚಪ್ಪಟೆ ಸೂಜಿಯನ್ನು ಒಳಗಿಂದ ತೂರಿಸಿ, ಹಿಂದಿನಿಂದ ಬಳಸಿ ಜಗ್ಗುತ್ತಿದ್ದರು. ಪ್ರತಿ ಗಂಟಿಗೂ ಒಂದು ಸಣ್ಣ 'ಕಿರ್' ಸದ್ದು. ತೋರುಬೆರಳಿನ ಮಡಿಕೆಯಲ್ಲಿ ದಾರ ಕೊರೆದ ಗೆರೆ, ಆ ಗೆರೆಯಲ್ಲೇ ದಾರ ಪ್ರತಿಸಲ ಹೋಗಿ ಕೂರುತ್ತಿತ್ತು.

ಹತ್ತಿಯ ಬಲೆಯ ಕಾಲದಲ್ಲಿ ದಿನಾ ಒಣಗಿಸಬೇಕಿತ್ತಂತೆ, ಕೊಳೆಯದಿರಲು ಮರದ ತೊಗಟೆಯ ಕಷಾಯದಲ್ಲಿ ಅದ್ದಬೇಕಿತ್ತಂತೆ. ನೈಲಾನ್ ಕೊಳೆಯುವುದಿಲ್ಲ. ಅದೇ ಫಜೀತಿ ಕೂಡ: ಕಡಲಲ್ಲಿ ಕಳೆದುಹೋದ ಬಲೆ ಯಾರಿಗೂ ಅಲ್ಲದ ಮೀನು ಹಿಡಿಯುತ್ತಲೇ ಇರುತ್ತದೆ.

ಬಿಸಿಲೇರಿದ ಮೇಲೆ ದೋಣಿಗಳು ಬಂದವು, ನೀರು ಏರುವ ಹೊತ್ತು ನೋಡಿಕೊಂಡೇ. ಉಬ್ಬರದಲ್ಲಿ ಬಂದರೆ ಮರಳಲ್ಲಿ ಎಳೆಯುವ ದೂರ ಕಡಿಮೆ. ಆ ಉಬ್ಬರವೋ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ; ನಾಳೆ ಇದೇ ಹೊತ್ತಿಗೆ ಬರಲೇ ಎಂದು ಕೇಳಿದ್ದಕ್ಕೆ ಅಜ್ಜ ನಕ್ಕಿದ್ದರು. ಕ್ಯಾಮೆರಾ ಹಿಡಿದು ಮುಂದೆ ಓಡಿದೆ. "ಪಕ್ಕಕ್ಕೆ ಹೋಗಿ, ಇಲ್ಲಾ ಕೈ ಕೊಡಿ!" ಎಂದು ಯಾರೋ ಗದರಿದರು. ಕೈ ಕೊಟ್ಟೆ. ಅಲೆ ಎತ್ತಿದಾಗ ಎಳೆಯಬೇಕು, ಇಳಿದಾಗ ಸುಮ್ಮನಿರಬೇಕು; ನಾನು ಎರಡನ್ನೂ ಉಲ್ಟಾ ಮಾಡಿದೆ. ಫೋಟೋ ಒಂದೂ ಬರಲಿಲ್ಲ.

ಹೊರಡುವ ಮುಂಚೆ ನಾನೂ ಒಂದು ಗಂಟು ಹಾಕುತ್ತೇನೆಂದೆ. ಅಜ್ಜ ಸೂಜಿ ಕೊಟ್ಟರು. ಮೂರು ಸಲ ತಪ್ಪಿ ನಾಲ್ಕನೆಯದು ನಿಂತಿತು. ಬ್ಯಾಗು ಹೆಗಲಿಗೇರಿಸಿ ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ, ಅಜ್ಜ ಅದನ್ನು ಎರಡು ಬೆರಳಲ್ಲಿ ಜಗ್ಗಿ ನೋಡಿ, ಚಾಕುವಿನಿಂದ ಕತ್ತರಿಸಿ, ಮತ್ತೆ ಹಾಕುತ್ತಿದ್ದರು.