ಯಾರ ಪಕ್ಕ ಕೂರ್ತೀಯ?

ಹೈಸ್ಕೂಲಿನಲ್ಲಿ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆಯ ಊದುವಾದ್ಯ ನುಡಿಸುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಸುಖವಿದೆ. ಫ್ಲೂಟು, ಕ್ಲಾರಿನೆಟ್ಟಿನವರು ಮೊದಲ ವರ್ಷವೇ ದುಡ್ಡು ಬಿಚ್ಚಬೇಕು. ನಮಗೆ ಶಾಲೆಯೇ ಟ್ಯೂಬಾ ಕೊಟ್ಟಿತ್ತು. ಮಗಳು ಕಾಲೇಜಿನಲ್ಲೂ ಸಂಗೀತವನ್ನೇ ಓದುತ್ತೇನೆಂದು ಹಟ ಹಿಡಿದಳು ನೋಡಿ, ಆ ಸುಖಕ್ಕೆ ಕಲ್ಲು ಬಿತ್ತು. ಇನ್ನು ಸ್ವಂತದ್ದು ಬೇಕು. ಶನಿವಾರ ಶಿಕಾಗೋ ಹತ್ತಿರದ ಒಂದು ಅಂಗಡಿಗೆ ಹೋದೆವು.

ನನಗೆ ಗೊತ್ತಿದ್ದದ್ದು ಜಂಬೂಸವಾರಿಯಲ್ಲಿ ಪೊಲೀಸ್ ಬ್ಯಾಂಡಿನವರು ಮೈಗೆ ಸುತ್ತಿಕೊಂಡು ಬರುವ ಆ ದೊಡ್ಡ ಕಹಳೆಯಷ್ಟೆ. ಇಲ್ಲಿ ನೋಡಿದರೆ ಎಫ್, ಇ-ಫ್ಲಾಟ್, ಸಿ, ಬಿ-ಫ್ಲಾಟ್ ಅಂತ ಮೂಲ ಸ್ವರದ ಮೇಲೆ ನಾಲ್ಕು ಜಾತಿ. ಶಾಲೆಯದು ಬಿ-ಫ್ಲಾಟ್, ಬಿಚ್ಚಿ ನೇರ ಮಾಡಿದರೆ ಸುಮಾರು 18 ಅಡಿ ಕೊಳವೆ. ಸಿ ಟ್ಯೂಬಾ 16 ಅಡಿ. ಅಮೆರಿಕದ ಆರ್ಕೆಸ್ಟ್ರಾದವರು ಹೆಚ್ಚಾಗಿ ಹಿಡಿಯುವುದು ಸಿ. ಜರ್ಮನಿಯವರು ಬಿ-ಫ್ಲಾಟ್ ಬಿಟ್ಟಿಲ್ಲ, ಜೊತೆಗೆ ಎಫ್ ಇಟ್ಟುಕೊಳ್ಳುತ್ತಾರೆ. ಸಿ ಹಿಡಿದರೆ ಬೆರಳೆಲ್ಲ ಹೊಸದಾಗಿ ಕಲಿಯಬೇಕು: ಹಳೆಯದರಲ್ಲಿ ವಾಲ್ವ್, ಅಂದರೆ ಸ್ವರ ಬದಲಿಸುವ ಗುಂಡಿ, ಒತ್ತದೆ ಬರುತ್ತಿದ್ದ ಸ್ವರಕ್ಕೆ ಇದರಲ್ಲಿ ಮೊದಲ ವಾಲ್ವ್ ಒತ್ತಬೇಕು.

ಅಂಗಡಿಯ ಹುಡುಗ ಮಾತಿನ ಮಲ್ಲ. ಮಗಳನ್ನು ನೇರ 6/4 ಎಂಬ ಬಲು ದೊಡ್ಡ ಅಳತೆಯ ದೈತ್ಯನ ಮುಂದೆ ಕೂರಿಸಿದ. ಅವಳಿರುವುದೇ ಐದಡಿ ಚಿಲ್ಲರೆ. ಹಿತ್ತಾಳೆಯ ಹಿಂದೆ ಜುಟ್ಟು ಮಾತ್ರ ಕಾಣುತ್ತಿತ್ತು. "ಇಷ್ಟು ಚಿಕ್ಕವಳು ಅಷ್ಟು ದೊಡ್ಡದು ಊದೋದು ಹ್ಯಾಗೆ?" ಎಂದು ನಮ್ಮನೆಯವರು ಗೊಣಗಿದರು. ಹುಡುಗ ಅರ್ನಾಲ್ಡ್ ಜೇಕಬ್ಸ್ ಪುರಾಣ ತೆಗೆದ. 1944ರಿಂದ 1988ರವರೆಗೆ ಶಿಕಾಗೋ ಸಿಂಫನಿಯಲ್ಲಿ ಟ್ಯೂಬಾ ನುಡಿಸಿದವರು. ಅವರ ಯಾರ್ಕ್ ಕಂಪನಿಯ ಟ್ಯೂಬಾಗಳನ್ನು ನೋಡಿಕೊಂಡೇ ಇವತ್ತಿನ ಎಷ್ಟೋ ಕಂಪನಿಗಳು ದೊಡ್ಡ ಟ್ಯೂಬಾ ಮಾಡುವುದು. ಆಸ್ತಮಾದಿಂದ ಜೇಕಬ್ಸರ ಶ್ವಾಸಕೋಶವೇ ದುರ್ಬಲ, ಆದರೂ ಉಸಿರಾಟದ ಪಾಠಕ್ಕೆ ಊರೂರಿನಿಂದ ಜನ ಅವರಲ್ಲಿಗೆ ಬರುತ್ತಿದ್ದರು. ಹುಡುಗ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆದರೆ ಅವನ ಕಣ್ಣು ಮಾತ್ರ ಬೆಲೆಚೀಟಿಯ ಮೇಲಿತ್ತು. ಆ ದುಡ್ಡಿಗೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ.

ಅಷ್ಟರಲ್ಲಿ ಒಳಗೆ ರಿಪೇರಿ ಕೆಲಸ ಮಾಡುತ್ತಿದ್ದ ಮುದುಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಬಜೆಟ್ ಕೇಳಲಿಲ್ಲ, ಬ್ರ್ಯಾಂಡ್ ಕೇಳಲಿಲ್ಲ. ಮಗಳನ್ನು ನೋಡಿ, "ನೀನು ಯಾರ ಪಕ್ಕ ಕೂರ್ತೀಯ?" ಅಂದ.

ಅವಳು ತಬ್ಬಿಬ್ಬಾದಳು. "ಎಲ್ಲರ ಜೊತೇನೂ..." ಅಂದಳು.

"ವಾರದಲ್ಲಿ ಹೆಚ್ಚು ಹೊತ್ತು ಯಾರ ಪಕ್ಕ?"

"ಕ್ವಿಂಟೆಟ್."

ಅಂದರೆ ಐವರ ತಂಡ: ಎರಡು ಟ್ರಂಪೆಟ್, ಒಂದು ಹಾರ್ನ್, ಒಂದು ಟ್ರೊಂಬೋನ್, ಇವಳು. ಮುದುಕ ಮೂಲೆಯಿಂದ ಮೀರಾಫೋನ್ ಕಂಪನಿಯ 186 ಎಂಬ ಮಾದರಿಯ ಹಳೆಯ ಟ್ಯೂಬಾ ಒಂದನ್ನು ಎತ್ತಿಕೊಂಡು ಬಂದ. ಸಿ, ತಿರುಗುವ ರೋಟರಿ ವಾಲ್ವು, 4/4 ಎಂಬ ಸಾಮಾನ್ಯ ಅಳತೆ. ಅರಗಿನ ಬಣ್ಣ ಹೋಗಿ ಹೆಬ್ಬೆರಳು ತಾಗುವ ಕಡೆ ತಾಮ್ರದ ಕೆಂಪು ತೇಲಿತ್ತು. ಮಗಳು ಊದಿದಳು. ದೊಡ್ಡದರ ಧ್ವನಿ ಕೋಣೆಯನ್ನೆಲ್ಲ ತುಂಬಿತ್ತು, ಇದರದು ಎದುರಿಗೆ ನಿಂತು ಮಾತಾಡಿದ ಹಾಗಿತ್ತು. ಆ ಹುಡುಗನ ಮುಖ ಸಪ್ಪಗಾಯಿತು, ನನಗೆ ಒಳಗೊಳಗೇ ಖುಷಿ.

ಅವತ್ತಿನಿಂದ ಪಾತ್ರೆ ತೊಳೆಯುವಾಗಲೂ ಅದೇ ಪ್ರಶ್ನೆ. ಮೈಸೂರಿನ ನನ್ನ ಸೋದರಮಾವ ಮೃದಂಗದವರು. ಮನೆಯಲ್ಲಿ ತಗ್ಗು ಶ್ರುತಿಯದೊಂದು, ಹೆಚ್ಚು ಶ್ರುತಿಯದೊಂದು ಇಟ್ಟಿದ್ದರು. ಕಛೇರಿಗೆ ಕರೆ ಬಂದರೆ ಮೊದಲು ಕೇಳುತ್ತಿದ್ದದ್ದು "ಹಾಡೋರು ಯಾರು, ಎಷ್ಟು ಮನೆ ಶ್ರುತಿ?" ಸಂಭಾವನೆಯ ಮಾತು ಆಮೇಲೆ. ಪಕ್ಕವಾದ್ಯದವರು ಎಂದು ಅವರನ್ನು ಕಾರ್ಡಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದಕ್ಕೆ ನಮ್ಮತ್ತೆಗೆ ಸಿಟ್ಟು ಬರುತ್ತಿತ್ತು. ಮಾವನಿಗೆ ಬಂದದ್ದನ್ನು ನಾನು ನೋಡಲಿಲ್ಲ. ನಾವು ಗಂಡ ಹೆಂಡತಿ ಇಲ್ಲಿಗೆ ಬಂದಾಗ ಮನೆ ಆರಿಸಿದ್ದು ಸ್ಕೂಲು, ರೈಲು, ಬೆಲೆ ನೋಡಿ. ಅಕ್ಕಪಕ್ಕ ಯಾರಿದ್ದಾರೆಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ. ಕೆಲಸವನ್ನೂ ಹಾಗೇ ಹಿಡಿದದ್ದು. ಕನ್ನಡ ಕೂಟದಲ್ಲಿ "ಹುಡುಗಿಗೆ ಟ್ಯೂಬಾನಾ? ವಯೊಲಿನ್ ಕಲಿಸಬಹುದಿತ್ತಲ್ಲ" ಅನ್ನುವವರಿಗೆ ವೇದಿಕೆಯ ಮುಂದಿನ ಕುರ್ಚಿ ಮಾತ್ರ ಕಾಣುತ್ತದೆ. ಮೇಲಿನ ನಾಲ್ವರೂ ಶ್ರುತಿಗೆ ಕಿವಿ ಕೊಡುವುದು ಕೆಳಗಿನ ಸ್ವರದ ಕಡೆಗೆ ಎನ್ನುವುದು ಅವರಿಗೆ ಬೇಕಿಲ್ಲ.

186 ಈಗ ಟ್ರಯಲ್ ಮೇಲೆ ಮನೆಗೆ ಬಂದಿದೆ. ದೊಡ್ಡ ಆರ್ಕೆಸ್ಟ್ರಾ ಸೇರುವ ಕಾಲ ಬಂದರೆ ಇನ್ನೊಂದು ಬೇಕಾಗುತ್ತದೆ ಎಂದು ಮುದುಕ ಮೊದಲೇ ಹೇಳಿದ್ದಾನೆ. ಆ ಮಾತನ್ನು ಇವರು ಕೇಳಿಸದಂತೆ ಇದ್ದುಬಿಟ್ಟರು. ಗುರುವಾರ ಅವಳ ಮೇಷ್ಟ್ರು ಊದಿ ನೋಡಿ ಹೂಂ ಅಂದರೆ ಚೆಕ್ಕು ಬರೆಯುವುದು.