ನೀರೇ ಇಲ್ಲದೆ ಕಾಡಿನ ಬೆಂಕಿ ಹೇಗೆ ಆರಿಸ್ತೀರಾ?

ಬೇಸಿಗೆಯಲ್ಲಿ ನಾನು ಬಂಡೀಪುರದ ಕಡೆ ಬೆಂಕಿ ಕಾವಲಿಗೆ ಹೋಗುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ. 'ಕಾಡಲ್ಲಿ ಆಗ ನೀರೇ ಇರಲ್ವಲ್ಲ, ಮತ್ತೆ ಹೇಗೆ ಆರಿಸ್ತೀರಾ?' ಮದುವೆ ಮನೆಯಲ್ಲಿ ಕೇಳಿದ್ದಾರೆ, ಬಸ್ಸಲ್ಲಿ ಕೇಳಿದ್ದಾರೆ. ಸೊಪ್ಪಲ್ಲಿ ಬಡಿಯುತ್ತೇವೆ ಅಂದರೆ ನಗುತ್ತಾರೆ. ಹಾಗಾಗಿ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ನಾವು ಬೆಂಕಿಯನ್ನು ಆರಿಸುವುದು ಕಡಿಮೆ. ಅದಕ್ಕೆ ಮುಂದೆ ತಿನ್ನಲು ಏನೂ ಸಿಗದ ಹಾಗೆ ಮಾಡುವುದೇ ಜಾಸ್ತಿ.

ಮೊದಲು ನೀರಿನ ವಿಷಯ ಮುಗಿಸಿಬಿಡೋಣ. ಟ್ಯಾಂಕರ್ ರಸ್ತೆ ಬಿಟ್ಟು ಇಳಿಯಲ್ಲ. ಜೀಪಿಗೆ ಕಟ್ಟಿದ ಸಣ್ಣ ಟ್ಯಾಂಕು ಕಾಡುದಾರಿ ಇರುವಷ್ಟು ದೂರ ಬರುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಬೆನ್ನಿಗೆ ಹಾಕುವ ಸ್ಪ್ರೇಯರ್, ತೋಟಕ್ಕೆ ಔಷಧಿ ಹೊಡೆಯುತ್ತಾರಲ್ಲ ಅಂಥದ್ದು, 16 ಲೀಟರ್ ಹಿಡಿಯುತ್ತದೆ. ಅದನ್ನು ಹೊತ್ತು ಗುಡ್ಡ ಹತ್ತಿ ನೋಡಿ. ಐದು ನಿಮಿಷದಲ್ಲಿ ಖಾಲಿಯಾಗುವ ನೀರಿಗೆ ಒಂದು ಗಂಟೆ ನಡಿಗೆ. ಅದೇ ಒಂದು ಗಂಟೆಯಲ್ಲಿ ನಾಲ್ಕು ಜನ ಕಸ ಗುಡಿಸಿದರೆ ಬೆಂಕಿ ದಾಟಲಾಗದ ದಾರಿಯೇ ಸಿದ್ಧವಾಗುತ್ತದೆ.

ನಮ್ಮ ಕಡೆಯ ಕಾಡಿನ ಬೆಂಕಿ ಹೆಚ್ಚಾಗಿ ಟಿವಿಯಲ್ಲಿ ನೋಡುವ ಕ್ಯಾಲಿಫೋರ್ನಿಯಾ ಬೆಂಕಿಯ ಹಾಗೆ ಮರದ ತುದಿಯಿಂದ ತುದಿಗೆ ಓಡುವುದಲ್ಲ. ಎಲೆ ಉದುರಿಸುವ ಕಾಡು ಇದು. ಫೆಬ್ರವರಿಗೆ ತೇಗ, ಮತ್ತಿ, ದಿಂಡಿಲು ಎಲ್ಲ ಬೋಳಾಗಿ ನೆಲದ ಮೇಲೆ ತರಗೆಲೆ ದಪ್ಪಗೆ ಬಿದ್ದಿರುತ್ತದೆ. ಬೆಂಕಿ ಆ ತರಗಿನ ಮೇಲೆ, ಒಣ ಹುಲ್ಲಿನ ಮೇಲೆ ಹರಿಯುತ್ತದೆ. ಬರೀ ತರಗಾದರೆ ಜ್ವಾಲೆ ಮೊಣಕಾಲೆತ್ತರ, ಕೆಲವು ಕಡೆ ಅದೂ ಇಲ್ಲ. ಇಂಥ ಬೆಂಕಿಗೆ ಹಸಿ ಸೊಪ್ಪು ಸಾಕು.

ಆದರೆ ಸೊಪ್ಪು ಬೇಕಲ್ಲ! ಕಾಡೇ ಬೋಳಾಗಿರುವಾಗ ಹಸಿರು ಎಲ್ಲಿಂದ ತರುವುದು? ಹಳ್ಳದ ಪಕ್ಕದಲ್ಲಿ ನೇರಳೆ ಗಿಡ ಸಿಕ್ಕರೆ ಪುಣ್ಯ. ಹೋಗುವ ದಾರಿಯಲ್ಲೇ ಕೊಂಬೆ ಕಡಿದುಕೊಂಡು ಹೋಗಬೇಕು, ಬೆಂಕಿ ಹತ್ತಿರ ಹೋಗಿ ಹುಡುಕಿದರೆ ಏನೂ ಸಿಗಲ್ಲ. ಕೊಂಬೆ ನಮ್ಮ ಎದೆಯೆತ್ತರ ಇರಬೇಕು, ತುದಿಯಲ್ಲಿ ಎಲೆ ಪೊದೆಯಾಗಿರಬೇಕು, ಹಿಡಿ ಬಾಗಬಾರದು. ಹೊಸಬರು ಕೊಂಬೆಯನ್ನು ತಲೆ ಮೇಲೆತ್ತಿ ಬಟ್ಟೆ ಒಗೆದ ಹಾಗೆ ಬಡಿಯುತ್ತಾರೆ. ಪ್ರತಿ ಏಟಿಗೂ ಕಿಡಿ ಸುತ್ತ ಹಾರಿ ಒಂದು ಬೆಂಕಿ ಐದಾಗುತ್ತದೆ. ಮಾಡಬೇಕಾದ್ದು ಏನೆಂದರೆ, ಕೊಂಬೆಯನ್ನು ಜ್ವಾಲೆಯ ಬುಡಕ್ಕೆ ಒತ್ತಿ, ಒಂದು ಕ್ಷಣ ಹಾಗೇ ಹಿಡಿದು, ಸುಟ್ಟ ಕಡೆಗೆ ಎಳೆಯಬೇಕು. ಒತ್ತು, ಎಳಿ. ಒತ್ತು, ಎಳಿ. ಒಬ್ಬರು ಮುಂದೆ ಜ್ವಾಲೆ ಮುರಿಯುತ್ತಾ ಹೋಗುತ್ತಾರೆ, ಹಿಂದೆ ಬರುವವರು ಉಳಿದ ಕೆಂಡ ನೋಡಿಕೊಳ್ಳುತ್ತಾರೆ. ಮುಂದಿನವರ ಮುಖ ಬೇಯಲು ಶುರುವಾದ ಕೂಡಲೇ ಜಾಗ ಬದಲು. ಆದಷ್ಟು ಸುಟ್ಟು ಕಪ್ಪಾದ ಕಡೆಯೇ ನಿಂತು ಕೆಲಸ ಮಾಡಬೇಕು, ಯಾಕೆಂದರೆ ಗಾಳಿ ತಿರುಗಿದರೆ ಓಡಲು ಅದೊಂದೇ ಜಾಗ. ಒಮ್ಮೆ ಸುಟ್ಟ ನೆಲ ಮತ್ತೆ ಸುಡಲ್ಲ.

ಈಗೀಗ ಲೀಫ್ ಬ್ಲೋವರ್ ಬಂದಿದೆ. ಗಾಳಿ ಊದುವ ಯಂತ್ರ. ಬೆಂಕಿಗೆ ಗಾಳಿ ಊದುತ್ತೀರಾ ಅಂತ ಅದಕ್ಕೂ ನಗುತ್ತಾರೆ. ಅದು ಮುಂದಿನ ತರಗನ್ನು ಪಕ್ಕಕ್ಕೆ ತಳ್ಳಿ ಬರೀ ಮಣ್ಣು ಬಿಡುತ್ತದೆ ಸ್ವಾಮಿ. ಹತ್ತು ಜನ ಪೊರಕೆ ಹಿಡಿದು ಮಾಡುವ ಕೆಲಸ. ಪೆಟ್ರೋಲ್ ಮುಗಿದರೆ ಮತ್ತೆ ಸೊಪ್ಪೇ.

ಅಮೆರಿಕದಲ್ಲಿರುವ ನಮ್ಮವರು 'ಇಲ್ಲಿ ವಿಮಾನ ಇದೆ, ನಿಮ್ಮಲ್ಲಿ ಇಲ್ವಾ' ಅನ್ನುತ್ತಾರೆ. ಅಲ್ಲಿಯ ಹಾಟ್‌ಶಾಟ್ ತಂಡಗಳ ಬಗ್ಗೆ ಓದಿ ನೋಡಿ. ಸುಮಾರು 20 ಜನರ ತಂಡ, ಕೈಯಲ್ಲಿ ಪುಲಾಸ್ಕಿ, ಅಂದರೆ ಒಂದು ಬದಿ ಕೊಡಲಿ ಇನ್ನೊಂದು ಬದಿ ಗುದ್ದಲಿ ಇರುವ ಉಪಕರಣ. ಅವರೂ ದಿನವಿಡೀ ಮಾಡುವುದು ಬರಿ ಮಣ್ಣು ಕಾಣುವವರೆಗೆ ನೆಲ ಕೆರೆದು ಗೆರೆ ತೆಗೆಯುವ ಕೆಲಸವೇ. ವಿಮಾನದಿಂದ ಸುರಿದದ್ದು ಬೆಂಕಿಯ ವೇಗ ತಗ್ಗಿಸುತ್ತದೆ. ಕೆಂಡ ಕೆದಕಿ ಆರಿಸಲು ಕೊನೆಗೆ ನೆಲದ ಮೇಲೆ ಜನವೇ ಬೇಕು.

ಇಲ್ಲೂ ಹೆಲಿಕಾಪ್ಟರ್ ಬಂದಿತ್ತು. 2019ರ ಫೆಬ್ರವರಿ ಕೊನೆಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಹತ್ತಿಕೊಂಡಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ ನೇತುಹಾಕಿಕೊಂಡು ನೀರು ಸುರಿದವು. ಕಡಿದಾದ ಇಳಿಜಾರಿನಲ್ಲಿ ಅದರಿಂದ ಅನುಕೂಲ ಆಯಿತು, ಇಲ್ಲ ಅನ್ನಲ್ಲ. ಆದರೆ ಅವು ಬರುವಷ್ಟರಲ್ಲಿ ಬೆಂಕಿ ಹತ್ತಿ ದಿನಗಳೇ ಕಳೆದಿದ್ದವು. ಆ ಸಲ ಸುಟ್ಟದ್ದು 10 ಸಾವಿರ ಎಕರೆಗೂ ಜಾಸ್ತಿ ಅಂತ ಉಪಗ್ರಹ ಚಿತ್ರದ ಲೆಕ್ಕ ಹೇಳಿತು.

ಅಷ್ಟೊಂದು ಹರಡಲು ಲಂಟಾನ ಅನ್ನುವ ಕಳೆಪೊದೆಯೂ ದೊಡ್ಡ ಕಾರಣ. ಇದರ ಬಗ್ಗೆ ಎಷ್ಟು ಬೈದರೂ ಕಡಿಮೆ. ಮನುಷ್ಯನಿಗಿಂತ ಎತ್ತರ ಬೆಳೆದು, ಒಣ ಕಡ್ಡಿ ಒಳಗೊಳಗೇ ಹೆಣೆದುಕೊಂಡು, ಹಸಿ ಎಲೆ ಇದ್ದರೂ ಚಟಚಟ ಹತ್ತಿಕೊಳ್ಳುತ್ತದೆ. ಮೊಣಕಾಲೆತ್ತರದ ಬೆಂಕಿ ಲಂಟಾನ ಮುಟ್ಟಿದ ಕೂಡಲೇ ಮರದ ಕೊಂಬೆ ಮುಟ್ಟುತ್ತದೆ. ಅಲ್ಲಿ ಸೊಪ್ಪು ಹಿಡಿದು ನಿಲ್ಲುವುದು ಧೈರ್ಯ ಅಲ್ಲ, ದಡ್ಡತನ. ಹಿಂದೆ ಸರಿಯಬೇಕು. ರಸ್ತೆಯೋ ಹಳ್ಳವೋ ಸಿಗುವವರೆಗೆ ಸರಿದು, ಅಲ್ಲಿಂದ ಎದುರು ಬೆಂಕಿ ಕೊಡಬೇಕು. ದೊಡ್ಡ ಬೆಂಕಿ ಬರುವುದರೊಳಗೆ ನಾವೇ ಒಂದಷ್ಟು ಅಗಲ ಸುಟ್ಟು ಬಿಟ್ಟರೆ ಅದಕ್ಕೆ ಮುಂದೆ ದಾರಿ ಇಲ್ಲ. ಹೇಳಲು ಸುಲಭ. ದೊಡ್ಡ ಬೆಂಕಿ ಹತ್ತಿರ ಬಂದಾಗ ಸುತ್ತಲಿನ ಗಾಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ನಾವು ಹಚ್ಚಿದ್ದೂ ಆಗ ಅತ್ತಲೇ ಓಡುತ್ತದೆ. ಬೇಗ ಹಚ್ಚಿದರೆ ಅದು ನಮ್ಮ ಮೇಲೇ ತಿರುಗಬಹುದು, ತಡ ಮಾಡಿದರೆ ಸಮಯವೇ ಇಲ್ಲ. ಇದನ್ನು ಯಾವಾಗ ಹಚ್ಚಬೇಕು ಅಂತ ಹೇಳುವವರು ತಂಡದಲ್ಲಿ ಒಬ್ಬರೇ ಇರಬೇಕು. ನಮ್ಮಲ್ಲಿ ಅದು ಸಾಮಾನ್ಯವಾಗಿ ಹಾಡಿಯ, ಅಂದರೆ ಕಾಡಿನ ಬುಡಕಟ್ಟು ಜನರ ಕೇರಿಯ, ಹಿರಿಯರೊಬ್ಬರು. ಒಂದು ಹಿಡಿ ಬೂದಿ ಮೇಲಕ್ಕೆ ತೂರಿ ಗಾಳಿ ನೋಡುತ್ತಾರೆ. ಅವರು ಬೇಡ ಅಂದರೆ ಬೇಡ.

ಇನ್ನು ಗುಡ್ಡ. ಬೆಂಕಿಗೆ ಏರು ಅಂದರೆ ಬಲು ಇಷ್ಟ. ಇಳಿಜಾರು 10 ಡಿಗ್ರಿ ಹೆಚ್ಚಾದ ಹಾಗೆಲ್ಲ ಮೇಲೇರುವ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆದ್ದರಿಂದ ಬೆಂಕಿ ಕೆಳಗಿದ್ದು ನಾವು ಮೇಲಿರುವುದು ಅತಿ ಕೆಟ್ಟ ಜಾಗ. 2017ರಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ, 2023ರಲ್ಲಿ ಸಕಲೇಶಪುರದ ಕಡೆ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅದನ್ನು ಕೇಳಿದ ಮೇಲೂ ನಮ್ಮ ಹುಡುಗರು ಪಾಲಿಯೆಸ್ಟರ್ ಟೀ-ಶರ್ಟ್ ಹಾಕಿಕೊಂಡು ಬರುತ್ತಾರೆ! ಅದು ಕರಗಿ ಮೈಗೆ ಅಂಟುತ್ತದೆ. ಹಳೇ ಕಾಟನ್ ಅಂಗಿ, ತುಂಬು ತೋಳು, ಮುಖಕ್ಕೆ ಒದ್ದೆ ಟವೆಲ್, ಇಷ್ಟಾದರೂ ಇರಲಿ.

ಜ್ವಾಲೆ ಹೋದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ ಎಲ್ಲರೂ. ನಿಜವಾದ ತಲೆನೋವು ಶುರುವಾಗುವುದೇ ಆಗ. ಒಣಗಿದ ಆನೆ ಲದ್ದಿ ಗಂಟೆಗಟ್ಟಲೆ ಒಳಗೇ ಬೇಯುತ್ತದೆ, ಹೊರಗೆ ಹೊಗೆಯೂ ಕಾಣಲ್ಲ. ಸಂಜೆ ಗಾಳಿ ಬಂದಾಗ ಒಡೆದು ಕಿಡಿ ಹಾರಿಸುತ್ತದೆ. ಬಿದ್ದ ಮರದ ದಿಮ್ಮಿ ದಿನಗಟ್ಟಲೆ ಹೊಗೆಯಾಡುತ್ತದೆ, ಇಳಿಜಾರಿನಲ್ಲಿದ್ದರೆ ಸುಟ್ಟು ತುಂಡಾಗಿ ಉರುಳಿ ಗೆರೆ ದಾಟುತ್ತದೆ. ಹಾಗಾಗಿ ಗೆರೆಯುದ್ದಕ್ಕೂ ನಡೆದು ಒಂದೊಂದು ಲದ್ದಿಯನ್ನೂ ಒಡೆದು ಮಣ್ಣು ಮುಚ್ಚಬೇಕು. ಅನುಮಾನ ಬಂದರೆ ಕೈ ಹಿಂಬದಿ ಹತ್ತಿರ ಹಿಡಿದು ಬಿಸಿ ನೋಡಬೇಕು. ಸ್ಪ್ರೇಯರ್‌ನ ಆ 16 ಲೀಟರ್ ನೀರು ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿಯೇ. ರಾತ್ರಿ ತಂಪಾಗಿ ಬೆಂಕಿ ಮಲಗುತ್ತದೆ, ಕೆಲಸ ಸುಲಭ. ಆದರೆ ಕತ್ತಲಲ್ಲಿ ಆನೆ ಎಲ್ಲಿದೆ ಅಂತ ಗೊತ್ತಾಗಲ್ಲ. ನನ್ನನ್ನು ಕೇಳಿದರೆ ಬೆಂಕಿಗಿಂತ ಆನೆಗೇ ಜಾಸ್ತಿ ಹೆದರುತ್ತೇನೆ.

'ಬಿದಿರು ಬಿದಿರು ಉಜ್ಜಿ ಬೆಂಕಿ ಬೀಳುತ್ತಂತಲ್ಲ?' ಇದು ಎರಡನೇ ಪ್ರಶ್ನೆ. ನಾನಂತೂ ನೋಡಿಲ್ಲ, ನೋಡಿದವರನ್ನೂ ನೋಡಿಲ್ಲ. ನಮ್ಮ ಕಡೆ ಬೆಂಕಿ ಬೀಳುವುದು ಮನುಷ್ಯರಿಂದ. ಬೀಡಿ, ರಸ್ತೆ ಬದಿಯ ಅಡುಗೆ, ಹೊಸ ಹುಲ್ಲು ಬರಲಿ ಅಂತ ದನದವರು ಹಚ್ಚುವುದು, ಒಮ್ಮೊಮ್ಮೆ ಬರೀ ಸಿಟ್ಟು. ಹಾಗಂತ ಕಾಡಲ್ಲಿ ಬೆಂಕಿಯೇ ಕೂಡದು ಅನ್ನುವ ಮಾತನ್ನೂ ನಾನು ಪೂರ್ತಿ ಒಪ್ಪಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲು ಬೇಸಿಗೆ ಬಲಿಯುವ ಮುಂಚೆಯೇ ತರಗು ಬೆಂಕಿ ಹಾಕುತ್ತಿದ್ದರು, ಸಣ್ಣ ಬೆಂಕಿ, ಬೇಗ ಆರುವಂಥದ್ದು. ಅದು ನಿಂತ ಮೇಲೆ ಲಂಟಾನ ಹೆಚ್ಚಿತು ಅಂತ ಅವರು ಹೇಳುತ್ತಾರೆ. ನನಗೂ ಅದು ಸರಿಯೆನಿಸುತ್ತದೆ.

ಈ ಕೆಲಸದ ಮುಕ್ಕಾಲು ಪಾಲು ಬೆಂಕಿ ಬೀಳುವ ಮೊದಲೇ ನಡೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಕಿ ರೇಖೆ ಮಾಡುತ್ತಾರೆ. ರಸ್ತೆ ಬದಿ, ಕಾಡಂಚು, ವಲಯಗಳ ಗಡಿ, ಎಲ್ಲ ಕಡೆ ಹುಲ್ಲು ಸವರಿ, ಒಣಗಲು ಬಿಟ್ಟು, ಬಿಸಿಲು ಕಡಿಮೆ ಇರುವ ಹೊತ್ತಿನಲ್ಲಿ ಸುಟ್ಟು ಖಾಲಿ ಪಟ್ಟಿ ಬಿಡುವುದು. ಅದು ಸರಿಯಾಗಿ ಆದ ಕಡೆ ಬೆಂಕಿ ಬಂದು ತಾನೇ ನಿಲ್ಲುತ್ತದೆ, ಪೇಪರಿನಲ್ಲಿ ಸುದ್ದಿಯೂ ಬರಲ್ಲ.

ಕೊನೆಗೆ, 'ನಾವೂ ಸಹಾಯಕ್ಕೆ ಬರಬಹುದಾ?' ಅನ್ನುವವರಿಗೆ. ಬೆಂಕಿ ಹತ್ತಿದಾಗ ಸುಮ್ನೆ ಓಡಿ ಬರಬೇಡಿ. ದಾರಿ ಗೊತ್ತಿಲ್ಲದವರನ್ನು ಕಾಯುವುದೇ ಇನ್ನೊಂದು ಕೆಲಸವಾಗುತ್ತದೆ. ಹೊಗೆ ಕಂಡರೆ ಹತ್ತಿರದ ಚೆಕ್‌ಪೋಸ್ಟ್‌ಗೆ ತಿಳಿಸಿ, ಅಷ್ಟು ಸಾಕು. ಬರಲೇಬೇಕು ಅಂದರೆ ಅನುಮತಿ ತೆಗೆದುಕೊಂಡು ಡಿಸೆಂಬರ್‌ನಲ್ಲಿ ಬನ್ನಿ, ಹುಲ್ಲು ಸವರಲು. ಕೆಲಸ ಬೇಜಾನ್ ಇದೆ, ಕೈ ತುಂಬಾ ಬೊಬ್ಬೆ ಬರುತ್ತದೆ, ಫೋಟೋ ಮಾತ್ರ ಚೆನ್ನಾಗಿ ಬರಲ್ಲ.